ಶಾಲೆ ಹಿಂದೆ ವೈನ್ ಶಾಪ್: ನೂರು ಮೀಟರ್ ಅಳೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮ ಮನೆ ಬಸವೇಶ್ವರನಗರದಲ್ಲಿ. ಮಗಳ ಪ್ರೈಮರಿ ಶಾಲೆಯ ಹಿಂದಿನ ರಸ್ತೆಯಲ್ಲಿ ವೈನ್ ಶಾಪ್ ಬರುತ್ತಿದೆ. ಶಟರ್ ಹಾಕಿಸಿ ಆಗಿದೆ. ಶಾಲೆ ಕಾಂಪೌಂಡಿಗೂ ಅಂಗಡಿಗೂ ನಡುವೆ ಇರುವುದು ಎರಡೇ ಮನೆ. ಕೇಳಿದರೆ “ನೂರು ಮೀಟರ್ ದಾಟಿದೆ” ಅಂತಾರೆ. ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟರೆ ನಿಲ್ಲುತ್ತಾ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಸಹಿ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಒಂದು ಅಳತೆ ಟೇಪ್ ಹಿಡಿದು ಹೊರಡಿ. ವಕೀಲಳಾಗಿ ನಾನು ನೋಡಿರುವ ಇಂಥ ಅರ್ಜಿಗಳಲ್ಲಿ ಜನರ ಸಂಕಟ ಪುಟಗಟ್ಟಲೆ ಇರುತ್ತದೆ. ಅಳತೆಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅಧಿಕಾರಿ ನೋಡುವುದು ಅದನ್ನೇ.

1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ 5ನೇ ನಿಯಮ ನಿಮಗೆ ಬೇಕಾದದ್ದು. ಶಾಲೆ, ದೇವಸ್ಥಾನ, ಮಸೀದಿ, ಚರ್ಚ್, ಆಸ್ಪತ್ರೆ, ಸರ್ಕಾರಿ ಕಚೇರಿ ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವ ಹಾಗಿಲ್ಲ. ಆದರೆ ಈ 100 ಮೀಟರನ್ನು ಗೋಡೆಯಿಂದ ಗೋಡೆಗೆ ಅಳೆಯುವುದಿಲ್ಲ. ಅಂಗಡಿ ಬಾಗಿಲಿನ ಮಧ್ಯದಿಂದ, ಜನ ಮಾಮೂಲಿಯಾಗಿ ನಡೆದು ಹೋಗುವ ಹತ್ತಿರದ ದಾರಿ ಹಿಡಿದು, ಶಾಲೆಯ ಹತ್ತಿರದ ಗೇಟಿನ ಮಧ್ಯದವರೆಗೆ ಅಳೆಯಬೇಕು. ನಿಮ್ಮ ಶಾಲೆಯ ಮುಂದಿನ ಗೇಟಿಗೆ ಬೀದಿ ಸುತ್ತಿಕೊಂಡು ಹೋಗಬೇಕಾದರೆ ಅವರು ಹೇಳುವ ಲೆಕ್ಕ ನಿಜವೇ ಇರಬಹುದು.

ಹಾಗಾಗಿ ನಾನು ನಿಮ್ಮನ್ನು ಕೇಳುವುದು ಒಂದೇ. ಶಾಲೆಗೆ ಹಿಂದಿನ ಗೇಟ್ ಇದೆಯಾ? ಮಕ್ಕಳು ಅಲ್ಲಿಂದ ಓಡಾಡುತ್ತಾರಾ? ಇದ್ದರೆ ನಿಮ್ಮ ಕೇಸ್ ನಿಂತಿರುವುದೇ ಆ ಗೇಟಿನ ಮೇಲೆ. ಶಾಲೆ ಬಿಡುವ ಹೊತ್ತಿಗೆ ಫೋಟೊ ತೆಗೆಯಿರಿ. ಆ ಗೇಟ್ ಬಳಕೆಯಲ್ಲಿದೆ ಅಂತ ಹೆಡ್‌ಮಿಸ್ ಹತ್ತಿರ ಪತ್ರ ಬರೆಸಿಕೊಳ್ಳಿ. ಅಕ್ಕಪಕ್ಕದಲ್ಲಿ ದೇವಸ್ಥಾನ, ಆಸ್ಪತ್ರೆ, ವಾರ್ಡ್ ಆಫೀಸ್, ಅಂಚೆ ಕಚೇರಿ ಇದ್ದರೆ ಅವನ್ನೂ ಅಳೆಯಿರಿ.

ಹೆದ್ದಾರಿ ಹತ್ತಿರ ಅಂತ ವಾದ ಮಾಡಿ ಎಂದು ಯಾರಾದರೂ ಹೇಳಿದರೆ ಅದನ್ನೇ ನಂಬಿ ಕೂರಬೇಡಿ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ದೂರ ಇರಬೇಕು ಅಂದಿತ್ತು. ಎಂ.ಜಿ. ರಸ್ತೆಯ ಬಾರ್‌ಗಳು 2017ರ ಜುಲೈನಲ್ಲಿ ಬಾಗಿಲು ಹಾಕಿದ್ದು ಅದಕ್ಕೇ. ಅದೇ ತಿಂಗಳು, ನಗರಸಭೆ, ಪಾಲಿಕೆ ವ್ಯಾಪ್ತಿಯ ಸನ್ನದುಗಳಿಗೆ ಆ ಆದೇಶ ಅಡ್ಡಿಯಲ್ಲ ಅಂತ ಕೋರ್ಟೇ ಸ್ಪಷ್ಟಪಡಿಸಿತು.

ಇನ್ನೊಂದು ವಿಷಯ. ಸಿಎಲ್-2, ಅಂದರೆ ಬಾಟಲಿ ಮಾರುವ ಅಂಗಡಿಯ ಹೊಸ ಸನ್ನದು ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತ್ತು. ನಮಗೆ ಹೊಸದಾಗಿ ಕಾಣುವ ಅಂಗಡಿ ಎಷ್ಟೋ ಸಲ ಬೇರೆ ಕಡೆಯಿಂದ ಜಾಗ ಬದಲಾಯಿಸಿದ ಹಳೇ ಸನ್ನದು. ಆ ಸ್ಥಳಾಂತರಕ್ಕೂ ಅನುಮತಿ ಬೇಕು. ಅದು ಸಿಗುವ ಮೊದಲೇ ಅಬಕಾರಿ ಉಪ ಆಯುಕ್ತರಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಜೊತೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಸ್ಥಳ ಮಹಜರು (ಅಧಿಕಾರಿ ಜಾಗ ನೋಡಿ ಬರೆದ ವರದಿ), ನಕ್ಷೆ, ಚಕ್ಕುಬಂದಿ (ಜಾಗದ ನಾಲ್ಕೂ ಕಡೆಯ ಗಡಿ ವಿವರ) ಇವುಗಳ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಮಹಜರಿನಲ್ಲಿ ಹಿಂದಿನ ಗೇಟ್ ಕಾಣಿಸದಿದ್ದರೆ ಅದನ್ನೇ ಹಿಡಿದುಕೊಳ್ಳಿ.

ಅಳತೆ ನಿಜವಾಗಿಯೂ 100 ದಾಟಿದರೆ ದಾರಿ ಕಷ್ಟ. ಬರೀ ಮನೆಗಳಿರುವ ಬೀದಿಗೆ ಈ ನಿಯಮದಲ್ಲಿ ರಕ್ಷಣೆ ಇಲ್ಲ, ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶ ಬಿಟ್ಟು. ಇದು ನನಗೆ ಸರಿ ಕಾಣುವುದಿಲ್ಲ. ಸಂಜೆ ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ ಶಾಲೆ ಗೇಟ್ ಎಷ್ಟು ಮುಖ್ಯವೋ ಮನೆ ಬಾಗಿಲೂ ಅಷ್ಟೇ ಮುಖ್ಯ ಅಲ್ವಾ? ಆದರೂ ಸಿಎಲ್-2 ಅಂಗಡಿಯಲ್ಲಿ ಕೂತು ಕುಡಿಯಲು ಬಿಡುವಂತಿಲ್ಲ. ರಸ್ತೆಯಲ್ಲಿ ನಿಂತು ಕುಡಿಯುವುದೂ ಅಪರಾಧ. ಅಂಥದ್ದು ಕಂಡ ದಿನವೇ ದಿನಾಂಕ, ಸಮಯ, ಫೋಟೊ ಸಮೇತ ದೂರು ಕೊಡಿ.

ಅಳತೆ ಒಳಗೇ ಬಂದು, ಆದರೂ ಅನುಮತಿ ಕೊಟ್ಟರೆ ಅಬಕಾರಿ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು, ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಶಾಲೆಯವರೇ ಅರ್ಜಿದಾರರಾಗಿ ನಿಂತರೆ ಬಲ ಜಾಸ್ತಿ. ಅವರನ್ನು ಈ ವಾರವೇ ಹೋಗಿ ಕೇಳಿ.