ರಾಜೀನಾಮೆ ಬರೆಸಿಕೊಂಡಿದ್ದರೆ ನಿರುದ್ಯೋಗ ಭತ್ಯೆ ಸಿಗುವುದೇ?

ಸಂಸ್ಥೆಯವರೇ ಒತ್ತಾಯಿಸಿ ರಾಜೀನಾಮೆ ಬರೆಸಿಕೊಂಡಿರುವಾಗ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಬಹುದೇ, ಒಂದು ತಿಂಗಳು ಕಾದು ನೋಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ, ಹಲವು ದೇಶಗಳಲ್ಲಿ ಭತ್ಯೆಯ ಲೆಕ್ಕ ಶುರುವಾಗುವುದು ಕೆಲಸ ಹೋದ ದಿನದಿಂದಲ್ಲ, ಅರ್ಜಿ ಸಲ್ಲಿಸಿದ ದಿನದಿಂದ.

ನಿಮ್ಮ ಪ್ರಕರಣದ ತಿರುಳಿರುವುದು ಕೆಲಸ ಬಿಟ್ಟ ಕಾರಣದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1988ರ 168ನೇ ಒಡಂಬಡಿಕೆಯೂ ಸಕಾರಣವಿಲ್ಲದೆ ಸ್ವಇಚ್ಛೆಯಿಂದ ಕೆಲಸ ಬಿಟ್ಟವರಿಗೆ ಭತ್ಯೆ ನಿರಾಕರಿಸಲು ಅವಕಾಶ ಕೊಡುತ್ತದೆ. ಆದ್ದರಿಂದ ಅರ್ಜಿಯ ಕಾರಣದ ಅಂಕಣದಲ್ಲಿ ಬರೀ ‘ರಾಜೀನಾಮೆ’ ಎಂದು ಬರೆದು ಮುಗಿಸದೆ, ‘ಹುದ್ದೆ ರದ್ದಾಗಲಿದೆ ಎಂದು ಇಂಥ ದಿನ ತಿಳಿಸಿ, ಸಂಜೆಯೊಳಗೆ ರಾಜೀನಾಮೆ ಕೊಡಲು ಸೂಚಿಸಿದರು’ ಎಂಬಂತೆ ನಡೆದದ್ದನ್ನು ನಡೆದ ಹಾಗೆಯೇ, ದಿನಾಂಕಸಹಿತ ಬರೆಯಿರಿ. ಆ ಸೂಚನೆಯ ಇಮೇಲ್ ಇದ್ದರೆ ಅದರ ಪ್ರತಿಯನ್ನು, ಸಂಬಳದ ಚೀಟಿಗಳೊಂದಿಗೆ ಲಗತ್ತಿಸಿ. (ಕಚೇರಿಯ ಇಮೇಲ್ ಖಾತೆ ಮುಚ್ಚಿಹೋದ ಮೇಲೆ ಪರದಾಡಿದವರಲ್ಲಿ ನಾನೂ ಒಬ್ಬ.) ಉದ್ಯೋಗದಾತರ ಹೇಳಿಕೆಯನ್ನೂ ಭತ್ಯೆ ಕೊಡುವ ಕಚೇರಿ ಕೇಳಬಹುದು, ಎರಡೂ ತಾಳೆಯಾಗದಿದ್ದಾಗ ನಿಮ್ಮ ಕೈಹಿಡಿಯುವುದು ಈ ಕಾಗದಗಳೇ.

ಒಂದು ವೇಳೆ ಅರ್ಜಿ ತಿರಸ್ಕೃತವಾದರೆ, ಆದೇಶದಲ್ಲಿ ನಮೂದಿಸಿರುವ ಗಡುವಿನೊಳಗೆ ಮೇಲ್ಮನವಿ ಸಲ್ಲಿಸಿ. ಅದು ಇತ್ಯರ್ಥವಾಗುವವರೆಗೂ ಕೆಲಸ ಹುಡುಕುತ್ತಿರುವ ಬಗ್ಗೆ ಕೊಡಬೇಕಾದ ವರದಿಗಳನ್ನು ತಪ್ಪಿಸಬೇಡಿ.