ರಾತ್ರಿ ಗನ್ ಎತ್ತಿಕೊಂಡಾಗ ಚುಕ್ಕಿ ಕಾಣಬೇಕು: ಕಡಿಮೆ ಬೆಲೆಯ ರೆಡ್ ಡಾಟ್ ಆರಿಸುವುದು ಹೇಗೆ?

ಪ್ರಶ್ನೆ: ನಾವು ಟೆಕ್ಸಾಸ್‌ನ ಫ್ರಿಸ್ಕೊದಲ್ಲಿದ್ದೇವೆ. ಗ್ರೀನ್ ಕಾರ್ಡ್ ಬಂದ ಮೇಲೆ ಮನೆ ರಕ್ಷಣೆಗೆ ಅಂತ 9 ಎಂಎಂ ರೂಗರ್ ಪಿಸಿ ಕಾರ್ಬೈನ್ (ಗಿಡ್ಡ ರೈಫಲ್) ತೆಗೆದುಕೊಂಡೆ. ಅದಕ್ಕೊಂದು ರೆಡ್ ಡಾಟ್, ಅಂದರೆ ಗಾಜಿನಲ್ಲಿ ಕೆಂಪು ಚುಕ್ಕಿ ತೋರಿಸಿ ಗುರಿ ಹಿಡಿಸುವ ಸೈಟ್, ಹಾಕಿಸಬೇಕು. 40 ಡಾಲರಿನಿಂದ 600 ಡಾಲರಿನವರೆಗೂ ಇವೆ, ನನ್ನ ಬಜೆಟ್ 200. ಇನ್ನೊಂದು ತೊಂದರೆ: ನನಗೆ ಕನ್ನಡಕ ಇದೆ, ಅಂಗಡಿಯಲ್ಲಿ ನೋಡಿದಾಗ ಚುಕ್ಕಿ ದುಂಡಗೆ ಕಾಣಲಿಲ್ಲ, ಚೆಲ್ಲಿದ ಹಾಗಿತ್ತು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ಮೊದಲು ಕಣ್ಣಿನ ವಿಷಯ. ಅದು ಇತ್ಯರ್ಥವಾಗದೆ ಯಾವ ಕಂಪನಿಯದ್ದು ಕೊಂಡರೂ ದುಡ್ಡು ದಂಡ.

ನಿಮ್ಮ ಕನ್ನಡಕದ ಚೀಟಿ ತೆಗೆದು ನೋಡಿ. ಅದರಲ್ಲಿ ಸಿಲಿಂಡರ್ ಅಂತ ಒಂದು ನಂಬರ್ ಬರೆದಿದ್ದರೆ ನಿಮಗೆ ಅಸ್ಟಿಗ್ಮಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಥರ ಇಲ್ಲದಿರುವುದು) ಇದೆ ಅಂತ ಅರ್ಥ. ಅಂಥ ಕಣ್ಣಿಗೆ ರೆಡ್ ಡಾಟ್ ನಕ್ಷತ್ರದ ಹಾಗೆ, ಇಲ್ಲಾ ಬಾಲ ಬಂದ ಹಾಗೆ ಕಾಣುತ್ತದೆ. ಪರೀಕ್ಷೆ ಸುಲಭ. ಅಂಗಡಿಯಲ್ಲಿ ರೆಡ್ ಡಾಟ್ ಹಿಂದೆ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಫೋನಿನಲ್ಲಿ ಚುಕ್ಕಿ ದುಂಡಗೆ ಬಂದರೆ ಸಮಸ್ಯೆ ಕಣ್ಣಿನದ್ದು. ಫೋನಿನಲ್ಲೂ ಚೆಲ್ಲಿದ್ದರೆ ಆ ವಸ್ತುವೇ ಸರಿಯಿಲ್ಲ, ವಾಪಸ್ ಇಟ್ಟುಬಿಡಿ. ಹೊಳಪು ಕಡಿಮೆ ಮಾಡಿದಾಗ ಚೆಲ್ಲುವುದೂ ಕಡಿಮೆಯಾಗುತ್ತದೆ, ಅದನ್ನೂ ನೋಡಿ. ಕನ್ನಡಕ ತೆಗೆದು ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ. ರಾತ್ರಿ ಎರಡು ಗಂಟೆಗೆ ದಡಬಡ ಎದ್ದಾಗ ಕನ್ನಡಕ ಕೈಗೆ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ, ಅಲ್ವಾ?

ಸ್ವಲ್ಪ ಚೆಲ್ಲಿದರೆ ಯೋಚನೆ ಬೇಡ. ಮನೆಯೊಳಗಿನ ದೂರಕ್ಕೆ ಅದು ಅಡ್ಡಿಯಲ್ಲ. ತುಂಬಾ ಚೆಲ್ಲಿದರೆ ಪ್ರಿಸಂ ಮಾದರಿ ನೋಡಿ. ಅದರಲ್ಲಿ ಗುರಿಯ ಗುರುತನ್ನು ಗಾಜಿನ ಮೇಲೇ ಕೊರೆದಿರುತ್ತಾರೆ. ಹಾಗಾಗಿ ಅಸ್ಟಿಗ್ಮಾಟಿಸಂ ಇದ್ದವರಿಗೂ ಸ್ಪಷ್ಟವಾಗಿ ಕಾಣುತ್ತದೆ, ಬ್ಯಾಟರಿ ಸತ್ತರೂ ಹಗಲಿನಲ್ಲಿ ಕಪ್ಪಗೆ ಕಾಣುತ್ತಲೇ ಇರುತ್ತದೆ. ಪ್ರೈಮರಿ ಆರ್ಮ್ಸ್‌ನವರ ಮೈಕ್ರೊಪ್ರಿಸಂ ಈ ಜಾತಿಯದ್ದು. ಒಂದು ಕೊರತೆ ಇದೆ. ಅದಕ್ಕೆ ಕಣ್ಣನ್ನು ಸರಿಯಾದ ದೂರದಲ್ಲೇ ಇಡಬೇಕು. ಬೆಲೆಯೂ ನಿಮ್ಮ ಬಜೆಟ್ಟನ್ನು ಸ್ವಲ್ಪ ದಾಟಬಹುದು.

ಕಣ್ಣಿಗೆ ರೆಡ್ ಡಾಟ್ ಒಗ್ಗುತ್ತದೆ ಅಂತಾದರೆ ಮುಂದಿನ ಆಯ್ಕೆ ಅಷ್ಟೇನೂ ಕಷ್ಟವಲ್ಲ. ಇದರ ಕೆಲಸ ಸರಳ. ಒಳಗಿನ ಪುಟ್ಟ ಎಲ್‌ಇಡಿ ಮುಂದಿನ ಗಾಜಿನ ಮೇಲೆ ಬೆಳಕು ಚೆಲ್ಲುತ್ತದೆ. ಗಾಜಿನ ಲೇಪನ ಆ ಕೆಂಪನ್ನು ನಿಮ್ಮ ಕಣ್ಣಿಗೆ ತಿರುಗಿಸುತ್ತದೆ. ಎರಡೂ ಕಣ್ಣು ತೆರೆದು ಎದುರಿನದ್ದನ್ನೇ ನೋಡುತ್ತಿದ್ದರೆ ಸಾಕು, ಚುಕ್ಕಿ ಅಲ್ಲಿ ಬಂದು ಕೂರುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದಿತು. ಇವತ್ತಿಗೂ ಅವರದ್ದು ಗಟ್ಟಿ ಮಾಲು, ಆದರೆ ನಿಮ್ಮ ಬಜೆಟ್ಟಿನ ಎರಡು ಪಟ್ಟಿಗಿಂತ ಜಾಸ್ತಿ.

ನಿಮ್ಮ ಬಜೆಟ್ಟಿಗೆ ನಾನು ಹೇಳುವುದು ಎರಡು ಹೆಸರು: ಹೋಲೊಸನ್ ಎಚ್‌ಎಸ್403ಬಿ ಮತ್ತು ಸಿಗ್ ಸಾಯರ್ ರೋಮಿಯೊ5. ಎರಡೂ ಸಾಮಾನ್ಯವಾಗಿ 200 ಡಾಲರಿನೊಳಗೆ ಸಿಗುತ್ತವೆ. ಎರಡರದ್ದೂ 2 ಎಂಒಎ ಚುಕ್ಕಿ (ಎಂಒಎ ಅಂದರೆ ಕೋನದ ಅಳತೆ, ಚುಕ್ಕಿಯ ಗಾತ್ರವನ್ನು ಅದರಲ್ಲೇ ಹೇಳುತ್ತಾರೆ), ಎರಡಕ್ಕೂ ಸಿಆರ್2032 ಬಟನ್ ಬ್ಯಾಟರಿ. ಎಲ್ಲಕ್ಕಿಂತ ಮುಖ್ಯ, ಎರಡೂ ಅಲುಗಾಡಿದ ತಕ್ಷಣ ತಾವಾಗಿಯೇ ಎಚ್ಚರವಾಗುತ್ತವೆ. ಮನೆ ರಕ್ಷಣೆಯ ಗನ್‌ಗೆ ಇದು ಬೇಕೇ ಬೇಕು ಅಂತ ನನ್ನ ಹಟ. ಅಗ್ಗದ ಕೆಲವು ಮಾದರಿಗಳು ಕೆಲವು ಗಂಟೆ ಬಿಟ್ಟು ಆಫ್ ಆಗುತ್ತವೆ, ಮತ್ತೆ ಬಟನ್ ಒತ್ತಬೇಕು. ಗಾಬರಿಯಲ್ಲಿ ಕತ್ತಲಲ್ಲಿ ಬಟನ್ ಹುಡುಕುವ ಹಾಗಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಬುಶ್‌ನೆಲ್ ಟಿಆರ್‌ಎಸ್-25 ಇನ್ನೂ ಅಗ್ಗ, ಹಳೆಯ ಹೆಸರು, ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ಚೆನ್ನಾಗಿದೆ. ಆದರೆ ಆನ್ ಮಾಡಲು ಅದರ ತಿರುಗಣೆಯನ್ನು ಕೈಯಿಂದಲೇ ತಿರುಗಿಸಬೇಕು. ಹಾಸಿಗೆ ಪಕ್ಕದ ಗನ್‌ಗೆ ನಾನು ಹೇಳುವುದಿಲ್ಲ. 40 ಡಾಲರಿನವು ಆಟದ ಗನ್‌ಗೆ ಸರಿ.

2 ಎಂಒಎ ಸಣ್ಣದಾಯಿತಲ್ಲ ಅಂತ ಅನ್ನಿಸಬಹುದು. 25 ಗಜ ದೂರದಲ್ಲಿ ಅದು ಸುಮಾರು ಅರ್ಧ ಇಂಚನ್ನು ಮುಚ್ಚುತ್ತದೆ. ಹಾಲ್‌ನ ಆ ತುದಿ, ಅಂದರೆ 7 ಗಜದಲ್ಲಿ, 4 ಮಿಲಿಮೀಟರ್ ಕೂಡ ಇಲ್ಲ. ದೊಡ್ಡ ಚುಕ್ಕಿ ಕಣ್ಣಿಗೆ ಬೇಗ ಸಿಗುತ್ತದೆ ಅನ್ನುವುದು ನಿಜ. ಆದರೆ ಹೊಳಪು ಒಂದು ಹಂತ ಏರಿಸಿದರೆ 2 ಎಂಒಎ ಕೂಡ ಬೇಗ ಸಿಗುತ್ತದೆ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಬ್ಯಾಟರಿ 50,000 ಗಂಟೆ ಬರುತ್ತದೆ ಅಂತ ಹೋಲೊಸನ್‌ನವರು ಹೇಳುತ್ತಾರೆ. ಲೆಕ್ಕ ಹಾಕಿದರೆ ಐದೂವರೆ ವರ್ಷಕ್ಕೂ ಜಾಸ್ತಿ. ಅದು ಮಧ್ಯಮ ಹೊಳಪಿನಲ್ಲಿ ಅಳೆದದ್ದು. ಅದನ್ನು ನಂಬಿ ಕೂರದೆ ವರ್ಷಕ್ಕೊಮ್ಮೆ ಬದಲಿಸಿ. ಕನ್ನಡದವರಿಗೆ ದಿನ ನೆನಪಿಡುವುದು ಕಷ್ಟವಲ್ಲ, ಆಯುಧಪೂಜೆ ದಿನ ಹೊಸ ಬ್ಯಾಟರಿ ಹಾಕಿ. ಮಕ್ಕಳು ನುಂಗದಿರಲಿ ಅಂತ ಕೆಲವು ಬಟನ್ ಬ್ಯಾಟರಿಗಳಿಗೆ ಕಹಿ ಲೇಪನ ಮಾಡಿರುತ್ತಾರೆ. ಕೆಲವೊಮ್ಮೆ ಅದರಿಂದಲೇ ಕನೆಕ್ಷನ್ ಸಿಗುವುದಿಲ್ಲ. ಹಾಕಿದ ಮೇಲೆ ಅಲ್ಲಾಡಿಸಿ, ಚುಕ್ಕಿ ಬರುತ್ತದೆಯೇ ನೋಡಿ. ತೆಗೆದ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಲೇಬೇಡಿ. ಮಗು ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಡುವಷ್ಟು ಅಪಾಯ ಅದು.

ಹೊಳಪನ್ನು ಅಂಗಡಿಯ ಬೆಳಕಿನಲ್ಲಿ ಹೊಂದಿಸಬೇಡಿ. ರಾತ್ರಿ, ನಿಮ್ಮ ಬೆಡ್‌ರೂಮಿನಲ್ಲಿ, ಗನ್ ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಟಾರ್ಚ್ ಹಚ್ಚಿ ಹೊಂದಿಸಿ. ಟಾರ್ಚ್ ಬೆಳಕು ಬಿಳಿ ಗೋಡೆಗೆ ಬಿದ್ದು ವಾಪಸ್ ಬಂದಾಗ ಮಂದ ಚುಕ್ಕಿ ಮಾಯವಾಗಿಬಿಡುತ್ತದೆ. ಆ ಬೆಳಕಿನಲ್ಲೂ ಕಾಣುವ ಹಂತಕ್ಕೆ ತಂದು ಹಾಗೇ ಬಿಡಿ. ಮತ್ತೆ ಎಚ್ಚರವಾದಾಗ ಅದೇ ಹಂತಕ್ಕೆ ಬರುತ್ತದೆ.

ಟಾರ್ಚ್ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗುರಿ ಎಲ್ಲಿದೆ ಅಂತ ರೆಡ್ ಡಾಟ್ ತೋರಿಸುತ್ತದೆ, ಎದುರಿಗೆ ಇರುವವರು ಯಾರು ಅಂತ ತೋರಿಸುವುದಿಲ್ಲ. ನಮ್ಮ ಜನರ ಮನೆಗಳಲ್ಲಿ ಊರಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಮೊದಲ ವಾರ ಜೆಟ್‌ಲ್ಯಾಗ್, ರಾತ್ರಿ ಮೂರಕ್ಕೆ ಎದ್ದು ಲೈಟ್ ಹಾಕದೆ ಅಡುಗೆಮನೆಗೆ ನೀರಿಗೆ ಹೋಗುತ್ತಾರೆ. ಕತ್ತಲಲ್ಲಿ ಆ ಸಪ್ಪಳ ಯಾರದ್ದು? ಇದನ್ನು ಯೋಚಿಸಿ. 200 ಡಾಲರನ್ನೂ ರೆಡ್ ಡಾಟ್‌ಗೇ ಸುರಿಯಬೇಡಿ. ಕಡಿಮೆ ಬೆಲೆಯದ್ದು ಕೊಂಡು ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಗನ್‌ಗೆ ಕೂರಿಸುವ ಒಳ್ಳೆಯ ಟಾರ್ಚ್ ತೆಗೆದುಕೊಳ್ಳಿ. ಕೈಯಲ್ಲಿ ಹಿಡಿಯುವ ಟಾರ್ಚ್ ಕೂಡ ಒಂದಿರಲಿ. ಯಾರು ಅಂತ ನೋಡುವುದಕ್ಕೇ ಗನ್ ತಿರುಗಿಸುವ ಪ್ರಸಂಗ ಬರಬಾರದು.

ಕೂರಿಸುವ ವಿಷಯ. ನಾನು ಹೇಳಿದ ಎರಡರ ಬಾಕ್ಸಿನಲ್ಲೂ ಎತ್ತರದ್ದೊಂದು, ತಗ್ಗಿನದ್ದೊಂದು ಮೌಂಟ್ ಬರುತ್ತದೆ. ನಿಮ್ಮ ಕಾರ್ಬೈನ್ ಸಾಂಪ್ರದಾಯಿಕ ಹಿಡಿಯದ್ದಾದರೆ ತಗ್ಗಿನದ್ದೇ ಸರಿ, ಕೆನ್ನೆ ಒತ್ತಿ ಹಿಡಿದಾಗ ಕಣ್ಣು ನೇರ ಬರುತ್ತದೆ. ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಕಂಪನಿ ಹೇಳಿದಷ್ಟೇ ಬಿಗಿ ಮಾಡಿ. ಸ್ಕ್ರೂ ಮತ್ತು ಮೌಂಟ್ ಎರಡರ ಮೇಲೂ ಹಾಯುವ ಹಾಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಸಡಿಲವಾದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಗನ್ ಮೇಲೆ ಈಗಿರುವ ಐರನ್ ಸೈಟ್ (ಬ್ಯಾಟರಿ ಬೇಡದ ಲೋಹದ ಗುರಿ ಗುರುತು) ತೆಗೆಸಬೇಡಿ. ರೇಂಜಿನಲ್ಲಿ 25 ಗಜಕ್ಕೆ ಝೀರೋ ಮಾಡಿ, ಅಂದರೆ ಚುಕ್ಕಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿ. ಈ ಎರಡರಲ್ಲೂ ಹೊಂದಿಸುವ ತಿರುಪಿನ ಒಂದು ಕ್ಲಿಕ್ ಅಂದರೆ ಅರ್ಧ ಎಂಒಎ, ಆ ದೂರದಲ್ಲಿ ಎಂಟು ಕ್ಲಿಕ್ಕಿಗೆ ಸುಮಾರು ಒಂದು ಇಂಚು ಸರಿಯುತ್ತದೆ. ಚುಕ್ಕಿ ನಳಿಗೆಗಿಂತ ಮೇಲಿರುವುದರಿಂದ ತೀರಾ ಹತ್ತಿರದಲ್ಲಿ ಗುಂಡು ಚುಕ್ಕಿಗಿಂತ ಕೆಳಗೆ ಬೀಳುತ್ತದೆ. ಎಷ್ಟು ಕೆಳಗೆ ಅಂತ 5 ಗಜದಲ್ಲಿ ಹೊಡೆದು ನೋಡಿಕೊಳ್ಳಿ.

ಇನ್ನು ಮಕ್ಕಳು. ಟೆಕ್ಸಾಸ್ ಕಾನೂನಿನ ಪ್ರಕಾರ, ನಿಮ್ಮ ಅಜಾಗರೂಕತೆಯಿಂದ 17 ವರ್ಷದೊಳಗಿನ ಮಗುವಿಗೆ ತುಂಬಿದ ಗನ್ ಸಿಕ್ಕರೆ ಅದು ಅಪರಾಧ. ಬೇಗ ತೆರೆಯುವ ಲಾಕ್ ಇರುವ ಸೇಫ್ ಇನ್ನೂ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ, ರೆಡ್ ಡಾಟ್ ಆಮೇಲೆ. ಕೊಳ್ಳುವಾಗ ರೆಡ್ ಡಾಟ್ ಸೇರಿದ ಎತ್ತರ ಸೇಫಿಗೆ ಹಿಡಿಸುತ್ತದೆಯೇ ಅಳೆದು ನೋಡಿ.

ಪ್ರಶ್ನೆ: ನಾನು ಎಚ್-1ಬಿಯಲ್ಲಿದ್ದೇನೆ. ನಾನೂ ಹೀಗೆ ಗನ್ ಇಟ್ಟುಕೊಳ್ಳಬಹುದೇ?

ಉತ್ತರ: ಅಮೆರಿಕದ ಫೆಡರಲ್ ಕಾನೂನು ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾದವರಿಗೆ, ಎಚ್-1ಬಿಯವರೂ ಸೇರಿ, ಗನ್ ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿಯುವುದೂ ಇದರಲ್ಲಿ ಸೇರುತ್ತದೆ. ಕೆಲವು ವಿನಾಯಿತಿಗಳಿವೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅವುಗಳಲ್ಲೊಂದು. ಆದರೆ ಇಲ್ಲಿ ತಪ್ಪಿದರೆ ಜೈಲಿನ ಜತೆಗೆ ಗಡೀಪಾರಿಗೂ ದಾರಿಯಾಗಬಹುದು. ಗೆಳೆಯರ ಮಾತು ನಂಬಬೇಡಿ, ಇಮಿಗ್ರೇಷನ್ ವಕೀಲರನ್ನು ಕೇಳಿ.

ಪ್ರಶ್ನೆ: ಮಡಿಕೇರಿಯಲ್ಲಿರುವ ತಂದೆಯ ಹಳೆಯ ಕೋವಿಗೆ ಇಂಥದ್ದೊಂದು ಸೂಟ್‌ಕೇಸಿನಲ್ಲಿ ಒಯ್ಯಬಹುದೇ?

ಉತ್ತರ: ದಯವಿಟ್ಟು ಬೇಡ. ಗನ್‌ಗೆ ಹಾಕುವ ಇಂಥ ಸೈಟ್‌ಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ. ಲೈಸೆನ್ಸ್ ಇಲ್ಲದೆ ಲಗೇಜಿನಲ್ಲಿ ಹಾಕಿಕೊಂಡು ಹೊರಟರೆ ಅದು ಕಾನೂನುಬಾಹಿರ ರಫ್ತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇರುವುದು ನಿಜ. ಅದು ಊರಿನಲ್ಲಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅಮೆರಿಕದ ಈ ನಿಯಮದಿಂದ ನಿಮ್ಮನ್ನು ಅದು ಕಾಪಾಡುವುದಿಲ್ಲ.