ಚಿಲಕ ವಾಪಸ್ ಹಾಕಿಸಿ

ಈ ವಾರ ಒಂದೇ ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಉಳಿದವರು ಕ್ಷಮಿಸಿ. ಇದನ್ನು ಓದಿದ ಮೇಲೆ ಬೇರೆ ಪತ್ರ ತೆರೆಯಲು ಮನಸ್ಸೇ ಬರಲಿಲ್ಲ.

ಪತ್ರ ಬಂದಿದ್ದು ಚೀನಾದ ಹ್ಯಾಂಗ್‌ಝೌದಿಂದ. ಬರೆದವರು ಸಾಗರದ ಕಡೆಯ ಹೆಣ್ಣುಮಗಳು. ಸಿಂಗಪುರದಲ್ಲಿ ಕೆಲಸದಲ್ಲಿದ್ದಾಗ ಪರಿಚಯವಾದ ಚೀನೀ ಹುಡುಗನನ್ನು ಮದುವೆಯಾಗಿ ಅವರ ಊರಿಗೇ ಹೋಗಿ ನೆಲೆಸಿದ್ದಾರೆ. ಒಬ್ಬಳೇ ಮಗಳು, ವಯಸ್ಸು 14. ಮನೆಯಲ್ಲಿ ಅತ್ತೆ ಇದ್ದಾರೆ. ಮೊಮ್ಮಗಳು ಅವರನ್ನು ನೈನೈ ಅನ್ನುತ್ತಾಳೆ. ಹುಡುಗಿ ಈಗ ಎಂಟನೇ ತರಗತಿ. ಮುಂದಿನ ವರ್ಷ ಜೂನ್‌ನಲ್ಲಿ ಝೋಂಗ್‌ಕಾವ್, ಅಂದರೆ ಒಂಬತ್ತನೇ ತರಗತಿ ಮುಗಿಸಿ ಹೈಸ್ಕೂಲಿಗೆ ಸೇರಲು ಬರೆಯುವ ಪರೀಕ್ಷೆ. ಅಷ್ಟರಲ್ಲಿ ಮಾರ್ಕ್ಸ್ ಇಳಿದಿದೆ. ಒಬ್ಬ ಹುಡುಗನ ಮೇಲೆ ಮನಸ್ಸಾಗಿದೆ. ಮಾತು ಬಿಟ್ಟಿದ್ದಾಳೆ. ಓದು ಬಿಟ್ಟು ಅಜ್ಜಿಯ ರೂಮಿನಲ್ಲೇ ಕೂರುತ್ತಾಳೆ, ಅಲ್ಲೇ ಮಲಗುತ್ತಾಳೆ. ‘ಅತ್ತೆ ಅವಳನ್ನು ಹಾಳು ಮಾಡುತ್ತಿದ್ದಾರೆ. ಅವಳನ್ನು ರಜಕ್ಕೆ ಸಾಗರಕ್ಕೆ ಕಳಿಸಿಬಿಡಲೇ? ಕನ್ನಡವನ್ನೂ ಮರೆಯುತ್ತಿದ್ದಾಳೆ, ಅವಳ ವಯಸ್ಸಿಗೆ ಒಳ್ಳೆಯ ಕನ್ನಡ ಪುಸ್ತಕ ಹೇಳಿ’ ಅಂತ ಕೇಳಿದ್ದಾರೆ.

ನಾಲ್ಕು ಪುಟದ ಪತ್ರ. ಮೂರು ಪುಟ ಮಾರ್ಕ್ಸು ಮತ್ತು ಅತ್ತೆಗೇ ಹೋಗಿದೆ. ಮಧ್ಯದಲ್ಲಿ ಒಂದು ಸಾಲು ಹೀಗಿದೆ: ‘ಡೈರಿ ಕನ್ನಡದಲ್ಲಿ ಬರೆದಿದ್ದಳು, ಹಾಗಾಗಿ ನಾನೇ ಓದಿ ನಮ್ಮವರಿಗೆ ಹೇಳಬೇಕಾಯಿತು, ಮಾರನೇ ದಿನ ಶೂ ರ‍್ಯಾಕ್ ಮಾಡಲು ಬಂದ ಬಡಗಿಯ ಹತ್ತಿರ ಅವಳ ರೂಮಿನ ಚಿಲಕವನ್ನೂ ತೆಗೆಸಿದೆವು.’

ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಗಣಿತದ ಮಾರ್ಕ್ಸು.

ತಂಗಿ, ನೀವು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ಮಗಳು ಶಾಲೆಯಲ್ಲಿ ಬರೆಯುವುದು ಚೀನೀ ಭಾಷೆ. ಅಪ್ಪನ ಜೊತೆ, ಅಜ್ಜಿಯ ಜೊತೆ, ಗೆಳತಿಯರ ಜೊತೆ ಆಡುವುದೂ ಚೀನೀ. ಆದರೆ ಗುಟ್ಟು ಬರೆಯುವಾಗ ನೀವು ಕಲಿಸಿದ ಅಕ್ಷರ ಹಿಡಿದಳು. ಯಾಕೆ ಗೊತ್ತಾ? ಆ ಮನೆಯಲ್ಲಿ, ಆ ಶಾಲೆಯಲ್ಲಿ, ಬಹುಶಃ ಆ ಇಡೀ ಬೀದಿಯಲ್ಲಿ ಅದನ್ನು ಓದಬಲ್ಲವರು ನೀವೊಬ್ಬರೇ. ನೀವು ಓದಲಾರಿರಿ ಅಂತಲ್ಲ, ಓದುವುದಿಲ್ಲ ಅಂತ ನಂಬಿದ್ದಳು. ನೀವು ಓದಿದಿರಿ. ಓದಿ, ಸಾಲು ಸಾಲಾಗಿ ಅಪ್ಪನಿಗೆ ಚೀನೀ ಭಾಷೆಯಲ್ಲಿ ಹೇಳಿದಿರಿ. ಅದಾದ ಮೇಲೆ ಅವಳು ಕನ್ನಡ ಮರೆತಳು ಅನ್ನುತ್ತೀರಿ. ಅವಳು ಮರೆತಿಲ್ಲ. ನಿಮ್ಮ ಹತ್ತಿರ ಕನ್ನಡದಲ್ಲಿ ಮಾತಾಡುವುದನ್ನು ನಿಲ್ಲಿಸಿದ್ದಾಳೆ. ಇದಕ್ಕೆ ಪುಸ್ತಕದ ಪಟ್ಟಿ ಕೊಟ್ಟು ಪ್ರಯೋಜನ ಇಲ್ಲ.

ನಾನು ಚಿಕ್ಕವಳಿದ್ದಾಗ ನನಗೆ ಬಂದ ಇನ್‌ಲ್ಯಾಂಡ್ ಪತ್ರಗಳು ಒಡೆದೇ ನನ್ನ ಕೈಗೆ ಸೇರುತ್ತಿದ್ದವು. ಒಂದನ್ನು ಊಟದ ಪಂಕ್ತಿಯಲ್ಲಿ ಗಟ್ಟಿಯಾಗಿ ಓದಿದ್ದರು. ಅದರಲ್ಲಿ ಏನೂ ಇರಲಿಲ್ಲ, ಗೆಳತಿಯ ಅಕ್ಕನ ಮದುವೆ ಸುದ್ದಿ. ಆದರೂ ಇವತ್ತಿಗೂ ಆ ಸಾರಿನ ವಾಸನೆ ನೆನಪಿದೆ. ಅದಕ್ಕೇ ನಿಮ್ಮ ಮಗಳ ಪರವಾಗಿ ಇಷ್ಟು ಜೋರಾಗಿ ಬರೆಯುತ್ತಿದ್ದೇನೆ.

ನಿಮ್ಮ ಭಯ ಸುಳ್ಳಲ್ಲ. ಅದನ್ನೂ ಹೇಳಬೇಕು. ಝೋಂಗ್‌ಕಾವ್ ನಮ್ಮ ಎಸ್ಸೆಸ್ಸೆಲ್ಸಿಯ ಹಾಗಲ್ಲ. ನಮ್ಮಲ್ಲಿ ಮಾರ್ಕ್ಸ್ ಕಡಿಮೆ ಬಂದರೂ ಯಾವುದೋ ಒಂದು ಪಿಯು ಕಾಲೇಜು ಸಿಗುತ್ತದೆ. ಅಲ್ಲಿ ಒಂಬತ್ತನೇ ತರಗತಿಯ ಕೊನೆಗೇ ದಾರಿ ಕವಲಾಗುತ್ತದೆ. ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳು ವೃತ್ತಿ ಶಾಲೆಗೆ ಹೋಗಬೇಕು, ಅಲ್ಲಿಂದ ದೊಡ್ಡ ವಿಶ್ವವಿದ್ಯಾಲಯದ ದಾರಿ ತುಂಬ ಕಿರಿದು. 2021ರ ಜುಲೈನಲ್ಲಿ ಸರ್ಕಾರ ಟ್ಯೂಷನ್ ಕಂಪನಿಗಳ ಕೈ ಕಟ್ಟಿತು, ಹೋಮ್‌ವರ್ಕ್ ಕಡಿಮೆ ಮಾಡಿ ಅಂದಿತು. ಪರೀಕ್ಷೆ ಮಾತ್ರ ಇದ್ದಲ್ಲೇ ಇದೆ, ಹಾಗಾಗಿ ಭಯವೂ ಇದೆ. ನಿಮ್ಮ ಮನೆಗೆ ಭಾನುವಾರ ಗಣಿತದ ಮೇಷ್ಟ್ರು ಸದ್ದಿಲ್ಲದೆ ಬಂದು ಹೋಗುವುದೂ ಅದಕ್ಕೇ ಅಲ್ವಾ?

ನಿಮ್ಮ ಅತ್ತೆಯ ವಿಚಾರಕ್ಕೆ ಬರುತ್ತೇನೆ. ಅವರ ಬಗ್ಗೆ ಎರಡು ವಾಕ್ಯ ಮಾತ್ರ ಒಳ್ಳೆಯದು ಬರೆದಿದ್ದೀರಿ, ಅದನ್ನೂ ದೂರಿನ ಹಾಗೆ. ಅವರು 1954ರಲ್ಲಿ ಹುಟ್ಟಿದವರು ಅಂದಿರಿ. ಅಂದರೆ 1966ರಲ್ಲಿ, ಸಾಂಸ್ಕೃತಿಕ ಕ್ರಾಂತಿಯಲ್ಲಿ ಶಾಲೆ ನಿಂತಾಗ, ಅವರಿಗೆ 12 ವರ್ಷ. ಹದಿನೈದಕ್ಕೆ ಊರು ಬಿಡಿಸಿ ಉತ್ತರದ ತುದಿಯ ಹೈಲೋಂಗ್‌ಜಿಯಾಂಗ್‌ಗೆ ಬೇಸಾಯಕ್ಕೆ ಕಳಿಸಿದರು. ನಿಮ್ಮ ಮಗಳಿಗಿಂತ ಒಂದೇ ವರ್ಷ ದೊಡ್ಡವರು ಆಗ. ಹನ್ನೊಂದು ವರ್ಷ ನಿಂತಿದ್ದ ಕಾಲೇಜು ಪ್ರವೇಶ ಪರೀಕ್ಷೆ 1977ರ ಚಳಿಗಾಲದಲ್ಲಿ ಮತ್ತೆ ನಡೆದಾಗ ಸುಮಾರು 57 ಲಕ್ಷ ಜನ ಬರೆದರು, ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಜನಕ್ಕೆ. ನಿಮ್ಮ ಅತ್ತೆಯೂ ಬರೆದರು, ಸಿಗಲಿಲ್ಲ. ಪರೀಕ್ಷೆ ಕೈತಪ್ಪಿದರೆ ಏನಾಗುತ್ತದೆ ಅಂತ ಆ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೆ. ಮೊಮ್ಮಗಳನ್ನು ಓದು ಓದು ಅಂತ ಅವರು ಪೀಡಿಸಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಅವರು ಮಾಡುತ್ತಿರುವುದೇನು? ಪೇರಳೆ ಕೊಯ್ದು ಬಟ್ಟಲಲ್ಲಿ ಹಾಕಿ ತಂದು ಕೊಡುತ್ತಾರೆ, ಒಂದು ಮಾತೂ ಆಡದೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಹಿರಿಯರು ಬಾಯಿಬಿಟ್ಟು ‘ತಪ್ಪಾಯಿತು’ ಅನ್ನುವುದಿಲ್ಲ, ಹಣ್ಣು ಹೆಚ್ಚಿ ತಂದಿಡುತ್ತಾರೆ. ಚಿಲಕ ತೆಗೆದ ದಿನ ಆ ಹುಡುಗಿಯ ಹತ್ತಿರ ಕ್ಷಮೆ ಕೇಳಿದವರು ಅವರೊಬ್ಬರೇ. ಮತ್ತೆ, ಅವರ ರೂಮಿನ ಬಾಗಿಲು ಮುಚ್ಚುತ್ತದೆ. ನಿಮ್ಮ ಮಗಳು ಅಲ್ಲಿ ಯಾಕೆ ಮಲಗುತ್ತಾಳೆ ಅಂತ ಕೇಳಿದ್ದೀರಲ್ಲ, ಅದಕ್ಕೆ.

ನಿಮ್ಮ ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಪಕ್ಕದ ಬ್ಲಾಕಿನ ನಿಮ್ಮ ಗೆಳತಿಯ ಮೇಲೆ. ಮಕ್ಕಳ ಮಾರ್ಕ್ಸು, ರ‍್ಯಾಂಕು ಬಹಿರಂಗ ಮಾಡಬಾರದು ಅಂತ 2021ರಿಂದ ಶಾಲೆಗಳಿಗೆ ನಿಯಮ ಇದೆ. ಶಾಲೆ ಸುಮ್ಮನಿದ್ದರೂ ಈಕೆ ತಾಯಂದಿರನ್ನೆಲ್ಲ ಕೇಳಿ, ಲೆಕ್ಕ ಹಾಕಿ, ವೀಚಾಟ್ ಗ್ರೂಪಿನಲ್ಲಿ ಪಟ್ಟಿ ಹಾಕುತ್ತಾರೆ. ರಾತ್ರಿ ಹನ್ನೊಂದಕ್ಕೆ ಮಗ ಓದುತ್ತಿರುವ ಫೋಟೋ ಕಳಿಸುತ್ತಾರೆ. ಚೀನಾದ ಮಕ್ಕಳು ಇಂಥ ಹುಡುಗನಿಗೆ ‘ಬೇರೆಯವರ ಮನೆ ಮಗು’ ಅನ್ನುತ್ತಾರೆ. ನಮ್ಮಲ್ಲಿ ‘ಪಕ್ಕದ ಮನೆಯವನನ್ನು ನೋಡಿ ಕಲಿ’ ಅಂತೀವಲ್ಲ, ಅದೇ ಹುಡುಗ. ಡೈರಿ ನೋಡಿ, ಬಾಗಿಲು ತೆರೆದಿಡಿಸಿ, ಈ ವಯಸ್ಸಿನಲ್ಲಿ ಝಾವ್‌ಲಿಯಾನ್ ಶುರುವಾಗುತ್ತದೆ ಅಂತ ಹೇಳಿಕೊಟ್ಟವರೂ ಅವರೇ. ಝಾವ್‌ಲಿಯಾನ್ ಅಂದರೆ ‘ಹೊತ್ತಿಗೆ ಮುಂಚಿನ ಪ್ರೇಮ’. ಹದಿನಾಲ್ಕರ ಹುಡುಗಿಗೆ ಒಬ್ಬ ಹುಡುಗ ಚೆನ್ನಾಗಿ ಕಂಡರೆ ಅದಕ್ಕೊಂದು ಕಾಯಿಲೆಯ ಹೆಸರಿಟ್ಟ ಹಾಗಿದೆ ಆ ಮಾತು. ಆ ಗ್ರೂಪನ್ನು ಮ್ಯೂಟ್ ಮಾಡಿ.

ನಿಮ್ಮ ಯಜಮಾನರ ಬಗ್ಗೆಯೂ ಒಂದು ಮಾತು. ‘ನಾನು ಅವಳನ್ನು ಗ್ವಾನ್ ಮಾಡದಿದ್ದರೆ ಇನ್ಯಾರು ಮಾಡುತ್ತಾರೆ’ ಅಂದರಂತೆ. ಗ್ವಾನ್ ಅನ್ನುವ ಆ ಚೀನೀ ಮಾತು ಚೆಂದದ್ದು. ಹಿಡಿತದಲ್ಲಿಡುವುದು ಅಂತಲೂ ಹೌದು, ಕಾಳಜಿಯಿಂದ ನೋಡಿಕೊಳ್ಳುವುದು ಅಂತಲೂ ಹೌದು. 1994ರಲ್ಲಿ ರೂತ್ ಚಾವೋ ಎಂಬ ಮನಶ್ಶಾಸ್ತ್ರಜ್ಞೆ ಇದೇ ಮಾತನ್ನು ಹಿಡಿದು ಬರೆದರು: ಚೀನೀ ತಂದೆತಾಯಿಯ ಕಟ್ಟುನಿಟ್ಟನ್ನು ದಬ್ಬಾಳಿಕೆ ಅಂತ ತಳ್ಳಿಹಾಕಬೇಡಿ, ಅದರೊಳಗೆ ಆರೈಕೆ ಇದೆ. ನಾನು ಒಪ್ಪುತ್ತೇನೆ. ಊಟ ಬಡಿಸಿ ಪಕ್ಕದಲ್ಲಿ ಕೂತು ಲೆಕ್ಕ ಹೇಳಿಕೊಡುವ ಅಪ್ಪ, ಸಂಜೆಯ ಆಟ ಬಿಡಿಸಿ ಪುಸ್ತಕ ಹಿಡಿಸುವ ಅಮ್ಮ, ಇವರನ್ನೆಲ್ಲ ಕೆಟ್ಟವರು ಅನ್ನಲಾರೆ. ಆದರೆ ಅಲ್ಲಿಗೇ ಕತೆ ಮುಗಿಯುವುದಿಲ್ಲ. ಬೀಜಿಂಗ್‌ನ ಮತ್ತು ಅಮೆರಿಕದ ಏಳನೇ ತರಗತಿ ಮಕ್ಕಳನ್ನು ಜೊತೆಯಲ್ಲಿಟ್ಟು ನೋಡಿದ ಒಂದು ಅಧ್ಯಯನ 2007ರಲ್ಲಿ ಬಂತು. ನಾಚಿಕೆ ಪಡಿಸಿ, ಮುನಿಸಿಕೊಂಡು, ತಪ್ಪು ಮಾಡಿದೆ ಅನ್ನಿಸಿ ಮಗುವಿನ ಮನಸ್ಸಿನ ಮೇಲೆ ಹಿಡಿತ ಸಾಧಿಸಿದರೆ ಎರಡೂ ದೇಶದ ಮಕ್ಕಳು ಕುಗ್ಗುತ್ತಾರೆ ಅಂತ ಅದರಲ್ಲಿ ಕಂಡುಬಂತು. ಚೀನೀ ಮಕ್ಕಳಿಗೆ ಇದು ಅಭ್ಯಾಸ, ಏನೂ ಆಗಲ್ಲ ಅನ್ನುವುದು ಸರಿಯಲ್ಲ.

ಇಷ್ಟಾದರೂ ಅವರು ಒಪ್ಪದಿದ್ದರೆ ಅವರ ದೇಶದ ಕಾನೂನನ್ನೇ ತೋರಿಸಿ. ಚೀನಾದ ಅಪ್ರಾಪ್ತರ ರಕ್ಷಣಾ ಕಾನೂನು ತಿದ್ದುಪಡಿಯಾಗಿ 2021ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ 63ನೇ ಕಲಮು ಮಕ್ಕಳ ಪತ್ರ, ಡೈರಿ, ಇಮೇಲ್‌ಗಳನ್ನು ಯಾರೂ ತೆರೆದು ನೋಡಬಾರದು ಅನ್ನುತ್ತದೆ. ಎಂಟು ವರ್ಷ ತುಂಬದ ಮಗುವಿನ ಪರವಾಗಿ ಹೆತ್ತವರು ನೋಡಬಹುದು. ಮಗುವಿನ ಸುರಕ್ಷತೆಗೇ ಅಪಾಯ ಅನ್ನುವ ತುರ್ತಿನಲ್ಲಿ ನೋಡಬಹುದು. ಅಪರಾಧದ ತನಿಖೆಯಂಥ ಕಾರಣ ಇದ್ದರೆ ಕಾನೂನಿನ ಪ್ರಕಾರ ನೋಡಬಹುದು. ನಿಮ್ಮ ಮಗಳಿಗೆ 14. ಡೈರಿಯಲ್ಲಿ ಇದ್ದದ್ದು ಒಬ್ಬ ಹುಡುಗನ ಹೆಸರು, ಅವನು ಕೊಟ್ಟ ಎರೇಸರ್ ವಿಚಾರ. ಇದರಲ್ಲಿ ತುರ್ತು ಏನಿತ್ತು, ನೀವೇ ಹೇಳಿ. ಕ್ಲಾಸ್ ಟೀಚರಿಗೆ ಹೇಳುತ್ತೇನೆ, ಹುಡುಗನ ಮನೆಗೆ ಫೋನ್ ಮಾಡುತ್ತೇನೆ ಅನ್ನುತ್ತಿದ್ದಾರಲ್ಲ ನಿಮ್ಮ ಯಜಮಾನರು, ಅದನ್ನು ಖಂಡಿತ ಮಾಡಿಸಬೇಡಿ. ಶಾಲೆಯಲ್ಲೂ ಅವಳಿಗೆ ಮುಚ್ಚಿಕೊಳ್ಳಲು ಜಾಗ ಇಲ್ಲದಂತಾಗುತ್ತದೆ.

ಸಾಗರಕ್ಕೆ ಕಳಿಸುವ ವಿಚಾರ ಸದ್ಯಕ್ಕೆ ಬೇಡ. ಅಜ್ಜನ ತೋಟ, ಮಳೆ, ಹಲಸು ಎಲ್ಲ ಸರಿ. ಆದರೆ ಈಗ ಕಳಿಸಿದರೆ ಮನೆಯಿಂದ ಹೊರಗೆ ಹಾಕಿದರು ಅಂತಲೇ ಅವಳಿಗೆ ಅನ್ನಿಸುತ್ತದೆ. ಊಟದ ಹೊತ್ತಲ್ಲಿ ಮಾರ್ಕ್ಸ್ ಮಾತು ಬೇಡ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇದು ಹ್ಯಾಂಗ್‌ಝೌಗೂ ಸೇರುತ್ತದೆ.

ಬಾಕಿ ಎಲ್ಲ ಆಮೇಲೆ. ನೀವು ಮಾಡಬೇಕಾದ್ದು ಒಂದೇ ಕೆಲಸ. ಈ ಭಾನುವಾರದೊಳಗೆ ಅದೇ ಬಡಗಿಯನ್ನು ಕರೆಸಿ ಚಿಲಕ ವಾಪಸ್ ಹಾಕಿಸಿ. ಮಗಳು ಶಾಲೆಗೆ ಹೋದಾಗ ಅಲ್ಲ, ಮನೆಯಲ್ಲಿದ್ದಾಗ. ಯಜಮಾನರೂ ಅಲ್ಲಿರಲಿ. ಬಡಗಿ ಹೋದ ಮೇಲೆ ಅವಳ ಬಾಗಿಲ ಹೊರಗೆ ನಿಂತು, ಕನ್ನಡದಲ್ಲಿ, ‘ನಿನ್ನ ಡೈರಿ ಓದಿದ್ದು ನನ್ನ ತಪ್ಪು ಕಂದ, ಇನ್ನು ಮುಟ್ಟಲ್ಲ’ ಅನ್ನಿ. ಹಣ್ಣಿನ ಬಟ್ಟಲು ಬೇಡ, ಮಾತಲ್ಲೇ ಹೇಳಿ. ಉತ್ತರ ಬರದಿದ್ದರೆ ಕಾಯಬೇಡಿ, ಅಡುಗೆಮನೆಗೆ ಹೋಗಿ. ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಆ ರಾತ್ರಿ ಅವಳು ತನ್ನ ರೂಮಿನಲ್ಲೇ ಮಲಗಿದಳು ಅಂತ ಅರ್ಥ.